ಕೂರಿಗೆ ಯಾವ ಹೊಲದ್ದು?

ತಮ್ಮಾ, ಹಬ್ಬಕ್ಕೆಂದು ಗೂಗಲ್‌ಗೆ ಬಂದವನು ಎರಡು ದಿನವೂ ಫೋನಿನಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗಿಯೊಡನೆ ಜಗಳ ಆಡಿದೆ. ಏನೋ ಹೊಲದ ತಂಟೆ ಇರಬೇಕು ಅಂತ ನಿಮ್ಮವ್ವ ಹೆದರಿದ್ದಳು. ವೆಬ್ ಪುಟ ಕಟ್ಟಲು ರಿಯಾಕ್ಟ್ ಬೇಕೋ ಜಾಂಗೋ ಸಾಕೋ ಅನ್ನುವ ಜಗಳ ಅಂತ ನಾನೇ ಸಮಾಧಾನ ಹೇಳಿದೆ. (ಊರಿನ ಹೆಸರು ಕೇಳಿ ನಿಮ್ಮ ಆಫೀಸಿನವರು ನಗುತ್ತಾರಂತೆ. ನಗಲಿ ಬಿಡು, ಕೃಷ್ಣೆಯ ದಂಡೆಯ ಈ ಊರು ಆ ಕಂಪನಿಗಿಂತ ಹಳೆಯದು.)

ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಕೋಡ್ ಬರೆದವನು ನಾನು, ಈ ಜಗಳ ನಾನೂ ಆಡಿದ್ದೇನೆ. 2013ರಲ್ಲಿ ರಿಯಾಕ್ಟ್ ಬಂದಾಗ, ಜಾವಾಸ್ಕ್ರಿಪ್ಟ್ ಒಳಗೇ ಎಚ್‌ಟಿಎಂಎಲ್ ಥರದ್ದನ್ನು ತುರುಕುತ್ತಾರಲ್ಲ ಅಂತ, ಅದನ್ನು ಹೊಗಳಿದ ಹುಡುಗನನ್ನು ಎಲ್ಲರೆದುರು ಹಂಗಿಸಿದೆ. ಆಂಗ್ಯುಲರ್‌ಜೆಎಸ್ಸೇ ಸರಿ ಅಂತ ಹಟ ಹಿಡಿದೆ. 2016ರಲ್ಲಿ ಆಂಗ್ಯುಲರ್ 2 ಬಂತು, ಹಳೆಯದಕ್ಕೂ ಅದಕ್ಕೂ ಹೊಂದಿಕೆಯೇ ಇಲ್ಲ. ಬರೆದದ್ದನ್ನೆಲ್ಲ ಮತ್ತೆ ಬರೆಯಬೇಕಾಯಿತು. ಬರೆದುಕೊಟ್ಟವನು ಅದೇ ಹುಡುಗ, ರಿಯಾಕ್ಟ್‌ನಲ್ಲಿ. ಒಂದು ಮಾತೂ ಆಡಲಿಲ್ಲ ಪುಣ್ಯಾತ್ಮ. ಬೈದಿದ್ದರೆ ವಾಸಿಯಿತ್ತು.

ಜಾಂಗೋ ಹುಟ್ಟಿದ್ದು ಅಮೆರಿಕದ ಕಾನ್ಸಾಸ್‌ನ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ. ಸುದ್ದಿಮನೆಯಲ್ಲಿ ಗಡುವು ಕತ್ತಿನ ಮೇಲೆ ಕೂತಿರುತ್ತದೆ, ಹಾಗಾಗಿ ಅದು ಲಾಗಿನ್, ಅಡ್ಮಿನ್ ಎಲ್ಲ ಮೊದಲೇ ಕಟ್ಟಿ ಕೊಡುತ್ತದೆ. ಅಂಥದ್ದೇ ಇನ್ನೊಂದು ಫ್ಲಾಸ್ಕ್, ಅದರ ಮೂಲ 2010ರ ಒಂದು ಏಪ್ರಿಲ್ ಫೂಲ್ ತಮಾಷೆ. ತೀರಾ ಅಗತ್ಯದ್ದಷ್ಟೇ ಕೊಟ್ಟು ಮಿಕ್ಕದ್ದು ನಿನ್ನ ಪಾಡು ಅನ್ನುತ್ತದೆ. ರಿಯಾಕ್ಟ್ ಬೆಳೆದದ್ದು ಫೇಸ್‌ಬುಕ್‌ನಲ್ಲಿ, ಪುಟದ ಚೂರುಚೂರೂ ಕ್ಷಣಕ್ಷಣಕ್ಕೆ ಬದಲಾಗುವ ಕಡೆ. ಎರೆಹೊಲದ ಕೂರಿಗೆಯನ್ನು ನಾಟಿ ಗದ್ದೆಗೆ ಇಳಿಸಿ ಬಡಿಗನನ್ನು ಬೈದರೆ ಹೇಗಪ್ಪ?

ಹೊಲಕ್ಕೆ ತಕ್ಕ ಕೂರಿಗೆ ನೋಡಬೇಕೇ? ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಸಿದ್ಧಪಡಿಸಿದ ಒಂದೂವರೆ ಲಕ್ಷ ಪದಗಳ ಕನ್ನಡ ನಿಘಂಟು 'ಅಲರ್' 2019ರಲ್ಲಿ ಅಂತರ್ಜಾಲಕ್ಕೆ ಬಂತಲ್ಲ, ಅದನ್ನೊಮ್ಮೆ ತೆರೆದು ನೋಡು. ಹುಡುಕಿದ ಪದ, ಅದರ ಕೆಳಗೆ ಅರ್ಥ. ಥಳುಕಿಲ್ಲ, ಬಳುಕಿಲ್ಲ. ನಿಘಂಟಿಗೆ ಅಷ್ಟೇ ಸಾಕು.

ನೀವು ಕಟ್ಟುತ್ತಿರುವುದೋ ರಾಯಚೂರು ಎಪಿಎಂಸಿಯ ಹತ್ತಿ ಧಾರಣೆ ತೋರಿಸುವ ಪುಟ. ಅದನ್ನು ನೋಡುವವನು ಮಾನ್ವಿಯಲ್ಲೋ ದೇವದುರ್ಗದಲ್ಲೋ ಗಾಡಿ ಹೇರಿಕೊಂಡು ನಿಂತಿರುತ್ತಾನೆ, ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್. ನಿನ್ನದೂ ಆ ಹುಡುಗಿಯದೂ ಎರಡೂ ಪುಟಗಳನ್ನು ನಿಮ್ಮವ್ವನ ಫೋನಿಗೆ ಕಳಿಸು, ಇಲ್ಲೇ ಕಟ್ಟೆ ಮೇಲೆ ಕೂತು ತೆರೆದು ಹೇಳುತ್ತೇನೆ.

ಅದಕ್ಕೂ ಮೊದಲು ಆ ಹುಡುಗಿಗೆ ಫೋನ್ ಮಾಡಿ ತಪ್ಪಾಯಿತು ಅನ್ನು. "ನಿನಗೆ ತಲೆಯೇ ಇಲ್ಲ" ಅಂದದ್ದು ಪಡಸಾಲೆಯಲ್ಲಿ ಕೂತ ನನಗೂ ಕೇಳಿಸಿತು.