ನದಿಯನ್ನು ಬಲ್ಲವರಿಂದ ಕೇಳತಕ್ಕುದು

ಚಿಕ್ಕ ದೋಣಿಗಳಲ್ಲಿ ಹುಟ್ಟುಹಾಕುವುದನ್ನೇ ವಿನೋದವಾಗಿಟ್ಟುಕೊಂಡ ಸಂಘಗಳು ಇಂದು ದೇಶವಿದೇಶಗಳಲ್ಲಿ ಅನೇಕವಾಗಿವೆ. ಅವುಗಳಲ್ಲಿ ಕೆಲವು ಒಂದು ಒಳ್ಳೆಯ ಪದ್ಧತಿಯನ್ನು ಬೆಳೆಸಿಕೊಂಡಿವೆ. ದೋಣಿ ಇಳಿಸಲು ಅನುಕೂಲವಲ್ಲದ ತಿಂಗಳುಗಳಲ್ಲಿ ಸದಸ್ಯರು ಒಂದು ಸಂಜೆ ಒಟ್ಟುಗೂಡಿ, ನದಿಯನ್ನು ಬಲ್ಲ ಅತಿಥಿಯೊಬ್ಬರನ್ನು ಕರೆದು, ನದಿಯ ವಿಚಾರವನ್ನೂ ಅದರ ರಕ್ಷಣೆಯ ವಿಚಾರವನ್ನೂ ಅವರ ಬಾಯಿಂದ ಕೇಳುತ್ತಾರೆ. ನೀರಿನ ಮೇಲೆ ಆಡುವವನು ನೀರಿನ ಸಮಾಚಾರವನ್ನೂ ಅರಿತಿರಬೇಕೆಂಬುದು ಇದರ ತಾತ್ಪರ್ಯ. ನಮ್ಮ ಶಾಲೆಗೆ ದೋಣಿಗಳಿಲ್ಲ, ನದಿಯಂತೂ ದೂರವಿಲ್ಲ. ಶಂಕಗಿರಿಯ ಕೋಟೆಯ ಬೆಟ್ಟದಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರು ಹೋದರೆ ಕಾವೇರಿ ಸಿಕ್ಕುತ್ತದೆ. ನಾವೂ ಇಂಥ ಸಂಜೆಗಳನ್ನು ಏರ್ಪಡಿಸುವುದಾದರೆ ಯಾರನ್ನು ಕರೆಯಬೇಕು, ಅವರಿಂದ ಏನನ್ನು ಕೇಳಬೇಕು ಎಂಬುದನ್ನು ಇಲ್ಲಿ ಆಲೋಚಿಸೋಣ.

ಮೊದಲು ಕರೆಯಬೇಕಾದವರು ಹೊಗೇನಕಲ್ಲಿನ ಅಂಬಿಗರು. ಹೊಗೇನಕಲ್ ಎಂಬುದು ನಮ್ಮ ಮಾತಿನ ಹೆಸರೇ ಎಂಬುದನ್ನು ಮಕ್ಕಳು ಗಮನಿಸಬೇಕು. ಬಂಡೆಗಳ ಮೇಲೆ ಧುಮುಕಿದ ನೀರು ತುಂತುರಾಗಿ ಮೇಲೇಳುವಾಗ ಕಲ್ಲೇ ಹೊಗೆಯಾಡುವಂತೆ ಕಾಣುವುದರಿಂದ ಆ ಹೆಸರು ಬಂದಿತು. ಅಲ್ಲಿಯ ವಾಹನವು ಹರಿಗೋಲು, ತಮಿಳಿನಲ್ಲಿ ಪರಿಸಲ್. ಬಿದಿರಿನ ಸೀಳುಗಳನ್ನು ಹೆಣೆದು ಬುಟ್ಟಿಯಂತೆ ಮಾಡಿ, ಹಿಂದೆ ಅದರ ಹೊರಮೈಗೆ ತೊಗಲನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಟಾರು ಬಳಿಯುತ್ತಾರೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯಲ್ಲಿ ಇದನ್ನೇ ಕಂಡು, ಇದು ಇತರ ದೋಣಿಗಳಂತೆ ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆಂದು ಆಶ್ಚರ್ಯಪಟ್ಟು ಬರೆದಿಟ್ಟನು. ವಿನೋದಸಂಘದವರು ಹತ್ತುವ ಕಯಾಕ್ ಎಂಬ ದೋಣಿಯೂ ಮೂಲದಲ್ಲಿ ಇದರ ದೂರದ ನೆಂಟನೇ ಸರಿ. ಉತ್ತರಧ್ರುವದ ಸಮೀಪದಲ್ಲಿ ವಾಸಿಸುವ ಇನೂಯಿಟ್ ಜನರು ಮರದ ಅಥವಾ ಎಲುಬಿನ ಚೌಕಟ್ಟಿಗೆ ಸೀಲ್ ಎಂಬ ಕಡಲಪ್ರಾಣಿಯ ತೊಗಲನ್ನು ಬಿಗಿದು ಅದನ್ನು ಮಾಡುತ್ತಿದ್ದರು. ಅದು ಉದ್ದ, ಇದು ದುಂಡು. ಅದನ್ನು ಬೇಟೆಗೆ ವೇಗವಾಗಿ ಸಾಗಬೇಕೆಂದು ಕಟ್ಟಿದರು. ಇದನ್ನು ಬಂಡೆಗಳ ನಡುವೆ ಅಂಗೈಯಗಲದಷ್ಟು ಆಳದ ನೀರಿನಲ್ಲಿಯೂ ತೇಲಬೇಕೆಂದು ಕಟ್ಟಿದರು. ಯಾವ ಬಂಡೆ ಯಾವ ಮಟ್ಟದ ನೀರಿನಲ್ಲಿ ಮುಳುಗುತ್ತದೆ, ಸುಳಿ ಎಲ್ಲಿ ಏಳುತ್ತದೆ ಎಂಬುದನ್ನು ಅಂಬಿಗರು ತಂದೆಯಿಂದ ಕಲಿತವರು. ಯಾವ ಭೂಪಟದಲ್ಲಿಯೂ ಅದು ಸಿಕ್ಕದು.

ಅನಂತರ ಒಬ್ಬ ಎಂಜಿನಿಯರರನ್ನು ಕರೆಯಬಹುದು. ಅವರಿಂದ ಲೆಕ್ಕವನ್ನು ಕಲಿಯಬೇಕು. ಹೊಗೇನಕಲ್ಲಿಗೆ ಮೇಲಣ ಬಿಳಿಗುಂಡ್ಲುವಿನಲ್ಲಿ ಕರ್ನಾಟಕದಿಂದ ಬರುವ ನೀರನ್ನು ಅಳೆಯುತ್ತಾರೆ. ಸಾಧಾರಣ ಮಳೆಯ ವರ್ಷದಲ್ಲಿ ಅಲ್ಲಿ 177.25 ಟಿ.ಎಂ.ಸಿ. ಅಡಿ ನೀರು ಬರಬೇಕೆಂದು 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡುಗಳಾದುದರಿಂದ, ಸುಮಾರು 11,574 ಕ್ಯೂಸೆಕ್ ನೀರು ಒಂದು ಹಗಲೂ ಒಂದು ರಾತ್ರಿಯೂ ಎಡೆಬಿಡದೆ ಹರಿದರೆ ಒಂದು ಟಿ.ಎಂ.ಸಿ. ಆಗುತ್ತದೆ. 1934ರಲ್ಲಿ ಪೂರ್ಣವಾದ ಮೆಟ್ಟೂರು ಅಣೆಕಟ್ಟು 120 ಅಡಿ ತುಂಬಿದಾಗ ಹಿಡಿಯುವುದು 93.47 ಟಿ.ಎಂ.ಸಿ. ಒಳಕ್ಕೆ ಒಂದು ಹನಿಯೂ ಬಾರದಿದ್ದರೆ, ದಿನವೂ 12,000 ಕ್ಯೂಸೆಕ್‌ನಂತೆ ಬಿಡಲು ಅದು ಎಷ್ಟು ದಿನ ಸಾಕಾದೀತು? ಮಕ್ಕಳೇ ಮಾಡಿ ನೋಡಲಿ. ಉತ್ತರವು ತೊಂಬತ್ತರ ಹತ್ತಿರ ಬರಬೇಕು. ಬರಗಾಲದಲ್ಲಿ ಆ ಜಲಾಶಯವು ಇಳಿದಾಗ, ಮುಳುಗಿಹೋದ ಹಳ್ಳಿಗಳ ಗುರುತಾಗಿ ಪಣ್ಣವಾಡಿಯ ಬಳಿ ಜಲಕಂಠೇಶ್ವರನ ಗುಡಿಯ ನಂದಿಯೂ ಹಳೆಯ ಇಗರ್ಜಿಯ ಗೋಪುರವೂ ಮೇಲೆ ಕಾಣಿಸಿಕೊಳ್ಳುತ್ತವೆ. ಮೆಟ್ಟೂರಿನ ಕೆಳಗೆ ವಿದ್ಯುತ್ತಿಗಾಗಿ ಮತ್ತೆ ಹಲವು ಕಟ್ಟೆಗಳನ್ನು ಕಟ್ಟಿರುವುದರಿಂದ, ಪೂಲಾಂಪಟ್ಟಿಯಲ್ಲಿ ನಾವು ದೋಣಿ ಹತ್ತಿ ನೆರಿಂಜಿಪೇಟೆಗೆ ದಾಟುವಾಗ ದಾಟುವುದು ಹೆಸರಿಗೆ ನದಿಯಾದರೂ ನೋಟಕ್ಕೆ ಕೆರೆ.

ಲೆಕ್ಕಕ್ಕೆ ಸಿಕ್ಕುವ ನೀರು ಇಷ್ಟು. ನೀರಿನೊಳಗಿನ ಜೀವಿಗಳ ಲೆಕ್ಕವನ್ನು ಇಟ್ಟವರು ಯಾರು? ಇದಕ್ಕೆ ಉತ್ತರವು ನಾವು ಎದುರುನೋಡದ ಕಡೆಯಿಂದ ಬಂದಿದೆ. ಕಾವೇರಿಯಲ್ಲಿ ಮಾಶೀರ್ ಎಂಬ ದೊಡ್ಡ ಮೀನು ಉಂಟು. ಕನ್ನಡದಲ್ಲಿ ಬಿಳಿಮೀನು ಎನ್ನುತ್ತಾರೆ. ಅದರಲ್ಲಿ ಬೆನ್ನು ಗೂನಾಗಿ, ರೆಕ್ಕೆಗಳು ಕಿತ್ತಳೆಯ ಬಣ್ಣದವಾಗಿರುವ ಜಾತಿಯು ಕಾವೇರಿಯಲ್ಲಿಯೂ ಅದರ ಉಪನದಿಗಳಲ್ಲಿಯೂ ಅಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕಿದ ಮಾಶೀರ್ ಒಂದು 120 ಪೌಂಡು ತೂಗಿತು. ಇಂಥ ಮೀನನ್ನು ಹಿಡಿಯುವ ಹವ್ಯಾಸಿಗಳು ಅದು ಕಡಿಮೆಯಾಗುವುದನ್ನು ಕಂಡರು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಎಂಬ ಸಂಘವು ಶಿವನಸಮುದ್ರದ ಕೆಳಗಣ ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು, ಸಿಡಿಮದ್ದು ಹಾಕಿ ಮೀನು ಕೊಲ್ಲುವವರನ್ನು ತಡೆಯಲು ಕಾವಲಿನವರನ್ನು ನೇಮಿಸಿತು. ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವುದು ರೂಢಿಯಾಯಿತು. ಮೀನಿನ ಬಾಯಿಗೆ ಗಾಳ ಚುಚ್ಚಿ ಅನಂತರ ಕನಿಕರದಿಂದ ಬಿಡುವುದು ಎಂಥ ದಯೆ ಎಂದು ನಮ್ಮ ಹಿರಿಯರು ಕೇಳಿದರೆ ಅದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಆದರೆ ಸಂಗಮದ ಬಳಿಯ ಗಾಳಿಬೋರೆ ಬಿಡಾರದಲ್ಲಿ 1998ರಿಂದ 2012ರವರೆಗೆ, ಯಾವ ದಿನ ಯಾವ ಬಗೆಯ ಮೀನು ಎಷ್ಟು ತೂಕದ್ದು ಸಿಕ್ಕಿತೆಂದು ಬರೆದಿಟ್ಟ ಪುಸ್ತಕಗಳಿದ್ದವು. ಮೀನುಶಾಸ್ತ್ರಜ್ಞರು ಅವನ್ನು ಓದಿ 2015ರಲ್ಲಿ ಪ್ರಕಟಿಸಿದ ಸಂಗತಿಯು ಕಣ್ಣು ತೆರೆಸುವಂಥದು: ಒಟ್ಟು ಮೀನಿನ ಸಂಖ್ಯೆ ಏರುತ್ತಿತ್ತು, ಆದರೆ ಗೂನುಬೆನ್ನಿನ ಮೀನು ಮಾಯವಾಗುತ್ತಿತ್ತು.

ಇದು ಹೇಗಾಯಿತು? ಮಾಶೀರ್ ಕುಲವನ್ನು ಉಳಿಸಬೇಕೆಂಬ ಸದುದ್ದೇಶದಿಂದ ಮಹಾರಾಷ್ಟ್ರದ ಲೋನಾವಳದಲ್ಲಿ ಮರಿಗಳನ್ನು ಬೆಳೆಸಿ ನದಿಗಳಿಗೆ ಬಿಡಲಾಗಿತ್ತು. ಅವು ನೀಲಿ ರೆಕ್ಕೆಯ ಬೇರೆ ಜಾತಿಯವು. ಕಾವೇರಿಗೂ ಬಂದು ಅವು ಹೆಚ್ಚಿದವು. ಮನೆಯವನು ಮೂಲೆ ಸೇರಿದನು. ಗೂನುಬೆನ್ನಿನ ಮೀನು ಟಾರ್ ರೆಮಾದೇವಿ ಎಂಬ ಜಾತಿಯದೆಂದು ಶಾಸ್ತ್ರೀಯವಾಗಿ ನಿಶ್ಚಯವಾದುದು 2018ರಲ್ಲಿ. ಅತ್ಯಂತ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಅದು ಸೇರಿದುದೂ ಅದೇ ವರ್ಷ. ಹೆಸರು ಸರಿಯಾಗಿ ಇಡುವ ಹೊತ್ತಿಗೆ ಹೆಸರಿನವನೇ ಇಲ್ಲವಾಗುವ ಸ್ಥಿತಿ! ಗಾಳಿಬೋರೆಯ ಆ ಪುಸ್ತಕಗಳು ಇಲ್ಲದಿದ್ದರೆ, ಮೀನು ಹೆಚ್ಚುತ್ತಿದೆಯೆಂದು ಎಲ್ಲರೂ ಸಂತೋಷಪಡುತ್ತಿದ್ದರು.

ಕೊನೆಯದಾಗಿ ಕರೆಯಬೇಕಾದ ಅತಿಥಿ ನಮ್ಮ ಮನೆಯವರೇ. ಸೇಲಂ ಸೀಮೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ದೇವಾಂಗ ಕುಟುಂಬಗಳಲ್ಲಿ ಮಗ್ಗದ ಶಬ್ದ ಕೇಳದೆ ಬೆಳೆದ ಹಿರಿಯರು ವಿರಳ. ಮಗ್ಗವಿದ್ದಲ್ಲಿ ನೂಲಿಗೆ ಬಣ್ಣ ಬೇಕು. ಬಣ್ಣಕ್ಕೆ ನೀರು ಬೇಕು. ಭವಾನಿ, ಕುಮಾರಪಾಳಯ, ಪಳ್ಳಿಪಾಳಯಗಳ ಸಾಯಪಟ್ಟರೆಗಳ ನೀರು ಕಾವೇರಿಗೆ ಸೇರುವ ವಿಷಯವಾಗಿ ದೂರುಗಳು ಬಹುಕಾಲದಿಂದ ಇವೆ. ಸಾಮಾನ್ಯವಾಗಿ ಜನರು ಹೆದರುವುದು ನೀರಿನ ಕೆಂಪು ನೀಲಿ ಬಣ್ಣಗಳಿಗೆ. ಬಣ್ಣವನ್ನು ತಿಳಿಗೊಳಿಸುವುದು ಅಷ್ಟು ಕಷ್ಟವಲ್ಲ. ಹತ್ತಿಯ ನೂಲಿಗೆ ಬಣ್ಣ ಹತ್ತಬೇಕಾದರೆ ಹೇರಳವಾಗಿ ಉಪ್ಪು ಹಾಕಬೇಕಾಗುತ್ತದೆ. ನೀರು ತಿಳಿಯಾದ ಮೇಲೂ ಉಪ್ಪು ಅದರಲ್ಲೇ ಉಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಆ ನೀರು ಹೊಲಕ್ಕೆ ಹರಿದರೆ ಮಣ್ಣು ಕೆಡುತ್ತದೆ. ತಿರುಪ್ಪೂರಿನ ಕೆಳಗೆ ನೊಯ್ಯಲ್ ನದಿಗೆ ಕಟ್ಟಿದ ಒರತ್ತುಪ್ಪಾಳಯದ ಅಣೆಕಟ್ಟೆಯು 1992ರಲ್ಲಿ ಮುಗಿದುದು ರೈತರ ಹೊಲಗಳಿಗಾಗಿ; ಅದರಲ್ಲಿ ನಿಂತುದು ಬಣ್ಣದ ಮನೆಗಳ ಉಪ್ಪುನೀರು. ಕಟ್ಟೆ ಬೇಡವೆಂದು ರೈತರೇ ಹೇಳುವಂತಾಯಿತು. ಹನಿ ನೀರನ್ನೂ ಹೊರಗೆ ಬಿಡಕೂಡದೆಂಬ ಆಜ್ಞೆಯು ನಡೆಯದಿದ್ದಾಗ, 2011ರ ಜನವರಿಯಲ್ಲಿ ಮದ್ರಾಸು ಉಚ್ಚ ನ್ಯಾಯಾಲಯವು ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿತು. ಸಾವಿರಾರು ಜನರ ಕೂಲಿ ನಿಂತಿತು. ನದಿಯೂ ಬದುಕಬೇಕು, ಕೂಲಿಯೂ ಬೇಕು. ನೀರನ್ನು ಸೋಸಿ, ಕುದಿಸಿ, ಉಪ್ಪನ್ನು ಬೇರ್ಪಡಿಸಿ ಮತ್ತೆ ಬಳಸುವ ಯಂತ್ರಗಳಿವೆ, ಆದರೆ ಅವುಗಳ ವೆಚ್ಚವನ್ನು ಸಣ್ಣ ಸಾಯಪಟ್ಟರೆಯವರು ಒಬ್ಬೊಬ್ಬರಾಗಿ ತಾಳಲಾರರು. ಆದಕಾರಣ ನಾವು ಕರೆಯುವ ಅತಿಥಿಯನ್ನು ಅಪರಾಧಿಯಂತೆ ನಿಲ್ಲಿಸಿ ಕೇಳಬಾರದು. ಎಷ್ಟು ನೂಲಿಗೆ ಎಷ್ಟು ನೀರು, ಎಷ್ಟು ಉಪ್ಪು, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಮಕ್ಕಳು ವಿನಯದಿಂದ ಕೇಳಬೇಕು. ತಂದೆತಾಯಿಗಳೂ ಜೊತೆಯಲ್ಲಿ ಕುಳಿತು ಕೇಳಬೇಕು. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲು ಮೂಳೆಗಳು ಕೆಡುತ್ತಿದ್ದುದರಿಂದ 2013ರಿಂದ ಹೊಗೇನಕಲ್ಲಿನ ನೀರನ್ನೇ ಅಲ್ಲಿಯ ಮನೆಗಳಿಗೆ ಕುಡಿಯಲು ಕೊಡುತ್ತಿದ್ದಾರೆ. ಬಾವಿ ಕೆಟ್ಟಾಗ ನದಿ ಕೈಹಿಡಿಯಿತು. ನದಿಯೇ ಕೆಟ್ಟರೆ ಕೈಹಿಡಿಯಲು ಮತ್ತೊಂದಿಲ್ಲ.

ಇನ್ನು ವಿದ್ಯಾರ್ಥಿಗಳು ತಾವೇ ಮಾಡಬಹುದಾದ ಒಂದು ಅಭ್ಯಾಸ. ಏರ್ಕಾಡಿನ ಬೆಟ್ಟಗಳಿಂದ ಇಳಿದು ಓಮಲೂರು, ಎಡಪ್ಪಾಡಿಗಳ ಮೇಲೆ ಹಾದು ಕಾವೇರಿಯನ್ನು ಸೇರುವ ಸರಬಂಗಾ ಹೊಳೆಯಲ್ಲಿ ನೀರು ಹರಿಯುವಾಗ, ಹಿರಿಯರೊಡನೆ ಹೋಗಿ, ದಡದ ಮೇಲೆ ಹತ್ತು ಮೀಟರು ಅಳೆದು ಎರಡು ಗೂಟಗಳನ್ನು ನೆಡಬೇಕು. ಮೇಲಣ ಗೂಟದ ನೇರಕ್ಕೆ ಒಂದು ಕಿತ್ತಳೆಯ ಸಿಪ್ಪೆಯನ್ನು ಎಸೆದು, ಕೆಳಗಣ ಗೂಟವನ್ನು ತಲಪಲು ಎಷ್ಟು ಸೆಕೆಂಡು ಬೇಕಾಯಿತೆಂದು ಗಡಿಯಾರದಲ್ಲಿ ನೋಡಬೇಕು. 20 ಸೆಕೆಂಡು ಬೇಕಾದರೆ ಮೇಲ್ನೀರಿನ ವೇಗ ಸೆಕೆಂಡಿಗೆ ಅರ್ಧ ಮೀಟರು. ತಳದ ನೀರು ನಿಧಾನವಾಗಿ ಹರಿಯುವುದರಿಂದ ಅದನ್ನು 0.85ರಿಂದ ಗುಣಿಸಬೇಕು. ಹೊಳೆಯ ಅಗಲ 4 ಮೀಟರು, ಸರಾಸರಿ ಆಳ ಅರ್ಧ ಮೀಟರು ಎಂದಾದರೆ, ಸೆಕೆಂಡಿಗೆ 0.85 ಘನ ಮೀಟರು, ಅಂದರೆ ಸುಮಾರು 30 ಕ್ಯೂಸೆಕ್ ನೀರು ಹರಿಯಿತೆಂದಾಯಿತು. ಆಳವನ್ನು ಹಿರಿಯರು ಕೋಲಿನಿಂದ ಅಳೆಯಲಿ. ಮಕ್ಕಳು ನೀರಿಗೆ ಇಳಿಯಕೂಡದು. ಒಂದು ನೋಟುಪುಸ್ತಕದಲ್ಲಿ ತಾರೀಖು, ಸ್ಥಳ, ಮೇಲೆ ಹೇಳಿದ ಲೆಕ್ಕ, ನೀರಿನ ಬಣ್ಣ, ವಾಸನೆ, ಕಂಡ ಮೀನು, ಕಂಡ ಹಕ್ಕಿ ಇವನ್ನು ಬರೆದು, ಮುಂದಿನ ತಿಂಗಳು ಅದೇ ಗೂಟಗಳ ಬಳಿಗೆ ಮತ್ತೆ ಹೋಗಬೇಕು. ಹೊಳೆ ಒಣಗಿದ್ದರೆ ಒಣಗಿದೆಯೆಂದೇ ಬರೆಯಬೇಕು. ಆ ಪುಟವನ್ನು ಖಾಲಿ ಬಿಡಬಾರದು.