ಉದ್ದ ಬದಲಾಗುವ ಪಟ್ಟಿಗೆ ಮ್ಯಾಕ್ರೋ ಬರೆಯುವ ಕ್ರಮ



ಗಿರಣಿಯ ಲೆಕ್ಕದ ಖಾತೆಯಲ್ಲಿ ಗುಮಾಸ್ತರಾದ ನಮಗೆ ಒಮ್ಮೆ ಒದಗಿದ ಪೇಚನ್ನೇ ಇಲ್ಲಿ ಪಾಠವಾಗಿ ಬರೆಯುತ್ತೇವೆ.

ಬದಲಿ ಕೆಲಸಗಾರರ ಪಗಾರದ ಪಟ್ಟಿ ಎಕ್ಸೆಲ್‌ನಲ್ಲಿತ್ತು. ‘ಎ’ ಕಾಲಮ್ಮಿನಲ್ಲಿ ಹೆಸರು, ‘ಬಿ’ಯಲ್ಲಿ ಪಗಾರ. ಆ ತಿಂಗಳು 40 ಹೆಸರು; ಎಂದರೆ ಸಾಲು 2ರಿಂದ 41. ಕೂಡಿಸುವ ಕೆಲಸವನ್ನು ಮ್ಯಾಕ್ರೋ ಆಗಿ ರೆಕಾರ್ಡ್ ಮಾಡಿಕೊಂಡೆವು. ಮರುತಿಂಗಳು ಹೆಸರು 43 ಆದವು. ಮ್ಯಾಕ್ರೋ ಮಾತ್ರ 41ನೆಯ ಸಾಲಿಗೇ ನಿಂತಿತು. ಯಂತ್ರ ಯಾವ ತಪ್ಪನ್ನೂ ತೋರಿಸಲಿಲ್ಲ. ಬಟವಾಡೆಯ ದಿನ ಹಣ ಸಾಲದೆ, ಕೊನೆಯ ಮೂವರು ಬರಿಗೈಯಲ್ಲಿ ಮನೆಗೆ ಹೋದರು. ತಪ್ಪು ನಮ್ಮದೇ.

ಕಾರಣವಿಷ್ಟೆ: ನಾವು ಅಂದು ಗುರುತಿಸಿದ ‘ಬಿ2:ಬಿ41’ ಎಂಬ ವಿಳಾಸವನ್ನೇ ರೆಕಾರ್ಡರ್ ಬರೆದಿಟ್ಟಿತ್ತು. ಪಟ್ಟಿ ಬೆಳೆದರೂ ವಿಳಾಸ ಬೆಳೆಯದು. ಆದ್ದರಿಂದ ಮ್ಯಾಕ್ರೋ ಪ್ರತಿ ಸಲವೂ ಕೊನೆಯ ಸಾಲನ್ನು ತಾನೇ ಹುಡುಕಬೇಕು. ಅದಕ್ಕೆ ಈ ಸಾಲು ಸಾಕು (ಬರೆಯುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸತಕ್ಕದ್ದು):

ಕೊನೆ = ಸೆಲ್ಸ್(ರೋಸ್.ಕೌಂಟ್, 1).ಎಂಡ್(ಎಕ್ಸ್‌ಎಲ್‌ಅಪ್).ರೋ

‘ರೋಸ್.ಕೌಂಟ್’ ಎಂದರೆ ಹಾಳೆಯ ಒಟ್ಟು ಸಾಲುಗಳು. 2007ರ ಎಕ್ಸೆಲ್‌ನಿಂದ ಈಚೆಗೆ 10,48,576. ಆ ತಳದಿಂದ ‘ಎ’ ಕಾಲಮ್ಮಿನಲ್ಲಿ ಮೇಲಕ್ಕೆ ಏರುತ್ತ, ಮೊದಲು ಸಿಕ್ಕ ತುಂಬಿದ ಮನೆಯ ಸಾಲಿನ ಸಂಖ್ಯೆಯೇ ‘ಕೊನೆ’. ಬಳಿಕ ಕೂಡಿಸಬೇಕಾದ ಭಾಗ:

ರೇಂಜ್("ಬಿ2:ಬಿ" & ಕೊನೆ)

ಹೆಸರು 43 ಇದ್ದರೆ ಇದು ತಾನಾಗಿ ಬಿ2:ಬಿ44 ಆಗುವುದು. ಮೇಲಿನಿಂದ ಕೆಳಕ್ಕೆ ಇಳಿಯಬಾರದೇ ಎಂದು ಕೇಳಬಹುದು. ನಡುವೆ ಒಂದು ಮನೆ ಖಾಲಿಯಿದ್ದರೆ ಹುಡುಕಾಟ ಅಲ್ಲಿಗೇ ನಿಲ್ಲುವುದು, ಕೆಳಗಿನವರೆಲ್ಲ ಬಿಟ್ಟುಹೋಗುವರು.

ನೆನಪಿಡಬೇಕಾದ ನಾಲ್ಕು ಮಾತುಗಳು:

1. ಎಲ್ಲರಿಗೂ ತುಂಬಿರುವ ಕಾಲಮ್ಮನ್ನೇ ಹುಡುಕಲು ಆರಿಸಿರಿ. ಪಗಾರ ಖಾಲಿ ಇರಬಹುದು, ಹೆಸರು ಇರಲಾರದು.

2. ಪಟ್ಟಿಯ ಕೆಳಗೆ ‘ಒಟ್ಟು’ ಎಂಬ ಸಾಲು ಬೇಡ. ಮುಂದಿನ ಸಲ ಅದೂ ಒಬ್ಬ ಕೆಲಸಗಾರನೆಂದು ಎಣಿಕೆಯಾಗಿ ಮೊತ್ತ ಇಮ್ಮಡಿಯಾದೀತು. ಮೊತ್ತವನ್ನು ‘ಡಿ1’ರಲ್ಲಿ ಬರೆಯಿರಿ.

3. ಪಟ್ಟಿ ಖಾಲಿಯಿದ್ದರೆ ‘ಕೊನೆ’ 1 ಆಗಿ, ತಲೆಬರಹವೂ ಲೆಕ್ಕದೊಳಗೆ ಬರುವುದು. 2ಕ್ಕಿಂತ ಕಡಿಮೆಯಿದ್ದರೆ ಮ್ಯಾಕ್ರೋ ನಿಲ್ಲುವಂತೆ ಮಾಡಿರಿ.

4. ‘ಕೊನೆ’ಯನ್ನು ‘ಲಾಂಗ್’ ಎಂದು ಘೋಷಿಸಿರಿ. ‘ಇಂಟಿಜರ್’ 32,767ನ್ನು ಮೀರಲಾರದು.

ಅಭ್ಯಾಸಕ್ಕೆ ಐದು ಹೆಸರು ಬರೆದು, ಒಂದು ಪಗಾರವನ್ನು ಖಾಲಿ ಬಿಟ್ಟು ಮ್ಯಾಕ್ರೋ ನಡೆಸಿರಿ. ಬಳಿಕ ಎರಡು ಹೆಸರು ಸೇರಿಸಿ ಮತ್ತೆ ನಡೆಸಿರಿ. ಎರಡು ಸಲವೂ ಕೈಯಿಂದ ಕೂಡಿಸಿ ತಾಳೆ ನೋಡಿರಿ. ಸಾಲು ಒಂದು ತಪ್ಪಿದರೆ ಒಂದು ಮನೆಯ ಒಲೆ ಉರಿಯದೆಂಬುದು ನಮಗೆ ಅಂದು ತಿಳಿಯಿತು.