ಒತ್ತಿದಲ್ಲೇ ಬೆಳೆಯುವ ಪದರ

ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೊರಟು ಕಾರು ಸ್ಟಾರ್ಟ್ ಮಾಡ್ತೀರಿ ಅನ್ನಿ. ಎಂಜಿನ್ ಓಡುವಾಗ ಶಾಫ್ಟು ಬೇರಿಂಗನ್ನು ಮುಟ್ಟೋದೇ ಇಲ್ಲ, ಎಣ್ಣೆಯ ಮೇಲೆ ತೇಲುತ್ತೆ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಮಾತ್ರ ಲೋಹಕ್ಕೆ ಲೋಹ ತಾಗುತ್ತೆ. ಕ್ಯಾಮ್‌ನಂಥ ಕಡೆಯಂತೂ ಓಡುವಾಗಲೂ ತಾಗುತ್ತೆ.

ಅಲ್ಲಿ ಕಾಯೋದು ಎಣ್ಣೆಗೆ ಬೆರೆಸಿದ ಜಡ್‌ಡಿಡಿಪಿ: ಸತು, ರಂಜಕ, ಗಂಧಕ ಇರುವ ಸಂಯುಕ್ತ. 1940ರ ದಶಕದಲ್ಲಿ ಇದನ್ನು ಹಾಕಿದ್ದು ಎಣ್ಣೆ ಕೆಡದಿರಲಿ, ಬೇರಿಂಗ್ ತುಕ್ಕು ಹಿಡಿಯದಿರಲಿ ಅಂತ. ಸವೆತ ತಡೆಯುತ್ತೆ ಅಂತ ಗೊತ್ತಾಗಿದ್ದು ಆಮೇಲೆ! ಉಜ್ಜಾಟದಲ್ಲಿ ಇದು ಒಡೆದು, ಸುಮಾರು 100 ನ್ಯಾನೊಮೀಟರ್ ದಪ್ಪದ, ಗಾಜಿನಂಥ ಫಾಸ್ಫೇಟ್ ಪದರ ಕಟ್ಟುತ್ತೆ. ಸವೆಯೋದು ಆ ಪದರ, ಉಕ್ಕಲ್ಲ. ಘರ್ಷಣೆ ಮಾತ್ರ ಇದರಿಂದ ಕಡಿಮೆ ಆಗಲ್ಲ. ಅದಕ್ಕೆ ಮಾಲಿಬ್ಡಿನಮ್ ಸಂಯುಕ್ತಗಳು ಬೇರೆ ಇವೆ.

2015ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು, ಬ್ರಿಡ್ಜ್‌ವಾಟರ್‌ಗೆ ಪಶ್ಚಿಮದಲ್ಲಿರುವ ಆನಂಡೇಲ್‌ನ ಎಕ್ಸಾನ್‌ಮೊಬಿಲ್ ವಿಜ್ಞಾನಿಗಳ ಜೊತೆಗೂಡಿ, ಬಿಸಿ ಎಣ್ಣೆಯೊಳಗೆ ಅತಿಸೂಕ್ಷ್ಮ ಮೊನೆಯೊಂದನ್ನು ಉಜ್ಜುತ್ತಾ ಈ ಪದರ ಬೆಳೆಯೋದನ್ನೇ ನೋಡಿದರು. ಒತ್ತಡ ಹೆಚ್ಚಿದಷ್ಟೂ ಬೆಳವಣಿಗೆ ಜೋರು. ಅಂದ್ರೆ ಪೆಟ್ಟು ಬೀಳುವ ಜಾಗದಲ್ಲೇ ರಕ್ಷಣೆ.

ಹಾಗಂತ ಇನ್ನೊಂದು ಬಾಟಲಿ ಸುರಿಯೋಣವಾ? ಬೇಡ. ಇದರ ರಂಜಕ ಹೊಗೆಯ ಜೊತೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತೆ. ಅದಕ್ಕೇ ಇಲ್ಲಿನ ಕಾರುಗಳ ಸಾಮಾನ್ಯ ಎಂಜಿನ್ ಆಯಿಲ್‌ನಲ್ಲಿ ರಂಜಕಕ್ಕೆ ಶೇಕಡಾ 0.08ರ ಮಿತಿ. ಮ್ಯಾನುಯಲ್ ಹೇಳಿದ ಎಣ್ಣೆಯಲ್ಲಿ ಬೇಕಾದಷ್ಟು ಆಗಲೇ ಇದೆ.